ಓಲೆಕೋಳಿಯ ನೀಲಿ ಮೊಟ್ಟೆ

ಮಾವ ದುಡಿಯುವ ವಯಸ್ಸನ್ನೆಲ್ಲ ಬಣ್ಣದಂಗಡಿಯಲ್ಲೇ ಕಳೆದವರು. ಗಿರಾಕಿ ಹಳೆಯ ಗೋಡೆಯ ಚಕ್ಕೆಯೊಂದನ್ನು ಕಾಗದದಲ್ಲಿ ಸುತ್ತಿ ತಂದು "ಇದೇ ಬಣ್ಣ ಬೇಕು" ಅಂದರೆ, ಬಿಳಿ ಡಬ್ಬಕ್ಕೆ ಹನಿಹನಿಯಾಗಿ ಬಣ್ಣ ಬಿಟ್ಟು, ಕೋಲಿನಿಂದ ಕಲಕಿ, ಹೆಬ್ಬೆರಳ ಉಗುರಿಗೆ ಸವರಿ ಒಣಗಿಸಿ ನೋಡಿ, ಅದೇ ಬಣ್ಣ ಮಾಡಿಕೊಡುತ್ತಿದ್ದರು. ಅಂಗಡಿ ಬಿಟ್ಟ ಮೇಲೆ ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕಿಕೊಂಡು ಕಾಲ ಹಾಕುತ್ತಿದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ದೂರದ ಊರುಗಳಿಗೆ ಲಾರಿ ಓಡಿಸುವವನು. ಮನೆಯಲ್ಲಿ ಇರುವುದಕ್ಕಿಂತ ರಸ್ತೆಯಲ್ಲಿ ಇರುವುದೇ ಹೆಚ್ಚು. ಹಾಗಾಗಿ ಮನೆಯಲ್ಲಿ ಮುಖ ನೋಡಿಕೊಳ್ಳಲು ಮಾವ ಸೊಸೆ ಇಬ್ಬರೇ.

ಆ ಸೊಸೆ ಏಳು ತಿಂಗಳ ಬಸುರಿಯಾಗಿದ್ದಾಗ ಮಗುವನ್ನು ಕಳೆದುಕೊಂಡು ಬರಿಗೈಯಲ್ಲಿ ಆಸ್ಪತ್ರೆಯಿಂದ ಬಂದಳು. ಬಂದವಳು ಮನೆಗೆಲಸ ಒಂದನ್ನೂ ನಿಲ್ಲಿಸಲಿಲ್ಲ. ಮಾತು ಮಾತ್ರ ನಿಲ್ಲಿಸಿಬಿಟ್ಟಳು. ಕೇಳಿದ್ದಕ್ಕೆ ಹೂಂ, ಇಲ್ಲ, ಅಷ್ಟೆ. ಮಾವನಿಗಾದರೂ ಸಮಾಧಾನ ಹೇಳುವ ಕಲೆ ಎಲ್ಲಿ ಬರಬೇಕು? "ಊಟ ಆಯ್ತೇನಮ್ಮ?" ಎಂದು ಕೇಳಿ, ಆಯ್ತು ಎನಿಸಿಕೊಂಡು, ಕೋಳಿಗೂಡಿನ ಕಡೆ ಹೋಗಿಬಿಡುತ್ತಿದ್ದರು.

ಹಾಗಿರುವಾಗ ಒಂದು ಬೆಳಿಗ್ಗೆ ಸೊಸೆ ತಾನಾಗಿಯೇ ಮಾತಾಡಿಸಿದಳು. ಮೊಟ್ಟೆ ಒರೆಸಿ ಬುಟ್ಟಿಗಿಡುತ್ತಿದ್ದವಳು ಕೈ ನಿಲ್ಲಿಸಿ, "ಮಾವ, ನೀಲಿ ಮೊಟ್ಟೆ ಇಡೋ ಕೋಳಿ ಇದ್ಯಂತಲ್ಲ, ನಿಜಾನಾ? ಫೋನಲ್ಲಿ ನೋಡ್ದೆ. ಯಾರೋ ಬಣ್ಣ ಬಳಿದು ಫೋಟೋ ತೆಗ್ದಿದ್ದಾರೆ ಅನ್ಸುತ್ತೆ" ಅಂದಳು.

"ಎಲ್ಲಿ, ತೋರ್ಸು. ಬಳಿದ ಬಣ್ಣ ಆದ್ರೆ ನನ್ನ ಕಣ್ಣು ತಪ್ಪಿಸೋಕೆ ಆಗಲ್ಲ."

ಮಾವ ಕನ್ನಡಕ ಏರಿಸಿ, ಫೋನನ್ನು ದೂರ ಹಿಡಿದು ಹತ್ತಿರ ಹಿಡಿದು ನೋಡಿದರು. ಬಳಿದದ್ದಲ್ಲ. ಒಡೆದ ಚಿಪ್ಪಿನ ಒಳಮೈ ಕೂಡ ನೀಲಿಯಾಗಿತ್ತು. ಹಾಗೆಂದಾಗ ಸೊಸೆಯ ತುಟಿಯಂಚಿನಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು. ಮಾವನಿಗೆ ಅಷ್ಟೇ ಸಾಕಾಯಿತು. ಮಾರನೆಯ ವಾರವೇ ವಿಚಾರಿಸಿಕೊಂಡು, ಬಸ್ಸು ಹತ್ತಿ, ಊರಾಚೆ ತರಾವರಿ ಕೋಳಿ ಸಾಕಿ ಮಾರುವ ಹೆಂಗಸಿನ ಅಂಗಳಕ್ಕೆ ಹೋದರು. ಎಲ್ಲರೂ ಅವಳನ್ನು ಕೋಳಿಯಮ್ಮ ಎಂದೇ ಕರೆಯುತ್ತಿದ್ದರು.

ಕೋಳಿಯಮ್ಮನ ಬಳಿ ನೀಲಿ ಮೊಟ್ಟೆಯ ಜಾತಿ ಮೂರು ಇದ್ದವು. ಒಂದೊಂದರ ಮುಂದೆಯೂ ನಿಲ್ಲಿಸಿ ಅವಳು ತಿಳಿಸಿ ಹೇಳಿದಳು.

"ಇದು ಜುಟ್ಟಿನದು, ಲೆಗ್‌ಬಾರ್. ಮರಿ ಹೊರಗೆ ಬಂದ ದಿನವೇ ಮೈಬಣ್ಣ ನೋಡಿ ಹುಂಜ ಯಾವ್ದು ಹೇಟೆ ಯಾವ್ದು ಅಂತ ಹೇಳ್ಬಹುದು. ಈ ಗಡ್ಡದ್ದು ಅಮೆರೌಕಾನಾ. ಪಾಪದ ಜಾತಿ, ತಂಟೆ ತಕರಾರು ಇಲ್ಲ. ಇನ್ನು ಆ ಕಡೆ ಇರೋದು ಅರೌಕಾನಾ. ನಾವು ಓಲೆಕೋಳಿ ಅಂತೀವಿ."

ಓಲೆಕೋಳಿಗೆ ಬಾಲವೇ ಇರಲಿಲ್ಲ. ಅದರ ಬದಲಿಗೆ ಎರಡೂ ಕಿವಿಯ ಹತ್ತಿರ ಗರಿಯ ಗೊಂಚಲು, ಓಲೆ ಹಾಕಿಕೊಂಡ ಹಾಗೆ ಆಚೀಚೆ ಚಾಚಿಕೊಂಡಿತ್ತು. ಅದರ ಮೊಟ್ಟೆಯನ್ನು ಮಾವ ಬಿಸಿಲಿಗೆ ಹಿಡಿದು ನೋಡಿದರು. ಉಳಿದ ಎರಡರ ಮೊಟ್ಟೆ ನೀಲಿಯೆಂದರೆ ನೀಲಿ, ಅಷ್ಟೇ. ಇದು ಮಾತ್ರ ಅಂಗಡಿಯಲ್ಲಿ ಎಷ್ಟು ಹನಿ ಬಿಟ್ಟರೂ ಅವರ ಕೈಗೆ ಹತ್ತದೆ ಹೋಗಿದ್ದ ಬಣ್ಣ.

"ಇದೇ ಇರ್ಲಿ. ಒಂದು ಹುಂಜ, ಮೂರು ಹೇಟೆ" ಅಂದರು.

"ತಗೊಳ್ಳಿ ಯಜಮಾನ್ರೆ. ಆದ್ರೆ ಮೊದ್ಲೇ ಹೇಳಿಬಿಡ್ತೀನಿ. ಹುಂಜಕ್ಕೂ ಓಲೆ, ಹೇಟೆಗೂ ಓಲೆ ಇರೋ ಜೋಡಿಯಲ್ಲಿ ಮರಿ ಮಾಡ್ಸೋಕೆ ಹೋಗ್ಬೇಡಿ. ಎರಡೂ ಕಡೆಯಿಂದ ಓಲೆ ಬಂದ ಮರಿ ಚಿಪ್ಪಿನೊಳಗೇ ಸತ್ತುಹೋಗುತ್ತೆ. ಪೂರ್ತಿ ಬೆಳೆದಿರುತ್ತೆ, ಈಚೆಗೆ ಬರಲ್ಲ. ಓಲೆ ಇಲ್ಲದ ಹುಂಜ ಕೊಡ್ಲಾ? ಇಲ್ಲಾಂದ್ರೆ ಗಡ್ಡದ ಹುಂಜನಾದ್ರೂ ತಗೊಳ್ಳಿ."

ಮಾವ ಓಲೆಯ ಹುಂಜವನ್ನು ನೋಡಿದರು. ಅದರ ಪಕ್ಕದಲ್ಲಿ ಗಡ್ಡದ ಹುಂಜ ತೀರಾ ಸಪ್ಪೆಯಾಗಿ ಕಂಡಿತು.

"ಇದೇ ಕೊಡಮ್ಮ. ಒಂದೆರಡು ಹೋದ್ರೆ ಹೋಗ್ಲಿ ಬಿಡು" ಅಂದರು. ಅಂದು, ನಾಲ್ಕನ್ನೂ ಗಾಳಿಯಾಡುವ ರಟ್ಟಿನ ಪೆಟ್ಟಿಗೆಗಳಲ್ಲಿ ಇಟ್ಟುಕೊಂಡು ಮನೆಗೆ ಬಂದರು.

ಸೊಸೆಗೆ ಆದ ಖುಷಿ ಇಷ್ಟಷ್ಟಲ್ಲ. ಮೊದಲ ನೀಲಿ ಮೊಟ್ಟೆ ಸಿಕ್ಕ ದಿನ ಅದನ್ನು ಅಂಗೈಯಲ್ಲಿಟ್ಟುಕೊಂಡು ಮನೆಯೆಲ್ಲ ಓಡಾಡಿದಳು. ಗಂಡನಿಗೆ ಫೋನ್ ಮಾಡಿ, "ನಿಮ್ಮಪ್ಪ ಚೆಂದದ ಕೋಳಿ ತರ್ತಾರೆ ಅಂದ್ಕೊಂಡೆ, ನೋಡಿದ್ರೆ ಕಿವಿಗೆ ಓಲೆ ಇದೆ, ಬಾಲವೇ ಇಲ್ಲ" ಎಂದು ನಕ್ಕಳು. ಆ ನಗು ಕೇಳಿ ಮಾವ ಹಿತ್ತಲಲ್ಲಿ ನಿಂತಲ್ಲೇ ನಿಂತರು.

ಸ್ವಲ್ಪ ದಿನಕ್ಕೆ ಮನೆಯ ಹಳೇ ಕಂದು ಹೇಟೆ ಕಾವಿಗೆ ಕೂತಿತು. ಎಬ್ಬಿಸಿದರೆ ಏಳದು, ಗುರ್ರೆಂದು ಮೈ ಉಬ್ಬಿಸಿ ಕುಕ್ಕಲು ಬರುವುದು. ಸೊಸೆ ಸೆರಗಿನಲ್ಲಿ ನೀಲಿ ಮೊಟ್ಟೆ ತುಂಬಿಕೊಂಡು ಬಂದು, "ಇದನ್ನೇ ಇಟ್ಟುಬಿಡೋಣ್ವಾ ಮಾವ? ಮರಿ ಆಗ್ಲಿ" ಅಂದಳು.

ಆಗಲಾದರೂ ಹೇಳಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಎಷ್ಟೋ ದಿನದ ಮೇಲೆ ಏನನ್ನೋ ಬಯಸಿ ಎದುರು ನಿಂತ ಹುಡುಗಿಗೆ ಸಾವಿನ ಸುದ್ದಿ ಹೇಗೆ ಎತ್ತುವುದು? ಎಲ್ಲಾ ಸಾಯುತ್ತವೆಯೇ, ಒಂದೆರಡು ಹೋದರೆ ಇವಳಿಗೆ ತಿಳಿದೀತೇ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ, "ಹೂಂ, ಇಡಮ್ಮ" ಅಂದುಬಿಟ್ಟರು.

ಸೊಸೆ ಆ ಮೊಟ್ಟೆಗಳನ್ನು ನೋಡಿಕೊಂಡ ಪರಿ ನೋಡಿ ಮಾವನಿಗೆ ಒಳಗೊಳಗೇ ಕಳವಳ ಶುರುವಾಯಿತು. ಗೇಟಿನ ಸದ್ದಿಗೆ ಕೋಳಿ ಬೆಚ್ಚುತ್ತದೆಂದು ಬುಟ್ಟಿಯನ್ನು ತಾನೇ ಎತ್ತಿ ಒಳಮೂಲೆಗೆ ಸರಿಸಿದಳು. ಸಂಜೆ ಕೋಣೆಯ ಬಾಗಿಲು ಮುಚ್ಚಿ, ಟಾರ್ಚಿನ ಮೇಲೆ ಮೊಟ್ಟೆ ಹಿಡಿದು ನೋಡುವಳು. ನೀಲಿ ಚಿಪ್ಪಿನೊಳಗೆ ಸರಿಯಾಗಿ ಏನೂ ಕಾಣದು. ಆದರೂ ಒಂದು ಸಲ, "ಒದೀತಿದೆ ಮಾವ, ಬನ್ನಿ, ಬನ್ನಿ" ಎಂದು ಕರೆದಳು. ಮಾವ ಹೋಗಿ ನೋಡಿ, "ಹೌದಲ್ಲ" ಅಂದರು.

ಮೂರು ವಾರ ತುಂಬಿದಾಗ ನಾಲ್ಕು ಮರಿ ಹೊರಗೆ ಬಂದವು. ಉಳಿದ ಆರು ಮೊಟ್ಟೆ ಬಿರುಕೂ ಬಿಡಲಿಲ್ಲ. ಸೊಸೆ ಒಂದೊಂದನ್ನೇ ಕಿವಿಗಿಟ್ಟುಕೊಂಡು ಕೇಳಿದಳು. ಮಾರನೆಯ ದಿನವೂ ಕೇಳಿದಳು. ಹೇಟೆ ಮರಿಗಳನ್ನು ಕರೆದುಕೊಂಡು ಬುಟ್ಟಿ ಬಿಟ್ಟೆದ್ದು ಹೋದ ಮೇಲೂ ಅವಳು ಎದ್ದಿರಲಿಲ್ಲ.

"ಹೂತುಬಿಡ್ತೀನಿ ಕೊಡಮ್ಮ" ಎಂದು ಮಾವ ಮೊಟ್ಟೆಗಳನ್ನು ಇಸಿದುಕೊಂಡು ಹಿತ್ತಲ ಬೇಲಿಯ ಬಳಿ ಗುಂಡಿ ತೋಡಿದರು. ಇಡುವಾಗ ಒಂದು ಕೈಜಾರಿ ಒಡೆಯಿತು. ಒಳಗೆ ಮರಿ ಪೂರ್ತಿಯಾಗಿತ್ತು. ಕೊಕ್ಕು, ಉಗುರು, ಒದ್ದೆ ಪುಕ್ಕ, ಎಲ್ಲವೂ ಇತ್ತು. ಕಿವಿಯ ಹತ್ತಿರ ಎರಡೂ ಕಡೆ ಪುಟ್ಟ ಓಲೆಯಿತ್ತು. ಮಾವ ಗಡಿಬಿಡಿಯಿಂದ ಮಣ್ಣೆಳೆದರು. ಹೋದ್ರೆ ಹೋಗ್ಲಿ ಬಿಡು ಅಂದದ್ದು ಇದನ್ನೇ ತಾನೇ? ತಮ್ಮದೇ ದನಿ ಕಿವಿಯಲ್ಲಿ ಕೇಳಿಸಿತು.

ಒಳಗೆ ಬಂದಾಗ ಸೊಸೆ ಕೇಳಿದಳು, "ಯಾಕ್ ಹೀಗಾಯ್ತು ಮಾವ?"

"ನಂಗೇನ್ ಗೊತ್ತಮ್ಮ. ಹೇಟೆಗೆ ವಯಸ್ಸಾಯ್ತು, ಕಾವು ಸಾಲ್ದೆ ಹೋಗಿರ್ಬೇಕು."

"ಬುಟ್ಟಿ ಸರಿಸಿದ್ನಲ್ಲ, ಅದಕ್ಕೇ ಆಗಿರುತ್ತೆ."

"ಛೇ, ಅದಕ್ಕೆಲ್ಲ ಏನಾಗಲ್ಲ. ಕೋಳಿ ವಿಷಯಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀಯ."

ಅವಳು ಮತ್ತೆ ಕೇಳಲಿಲ್ಲ. ಮತ್ತೆ ಹೂಂ, ಇಲ್ಲ ಅಷ್ಟಕ್ಕೇ ಬಂದು ನಿಂತಳು. ಮರಿಗಳಿಗೆ ನುಚ್ಚು ಹಾಕುವುದನ್ನೂ ಬಿಟ್ಟಳು. ಯಾಕಮ್ಮ ಅಂದರೆ, "ನೀವೇ ಹಾಕಿ" ಅಂದಳು. ಅದೇ ವಾರ ಅವಳು ಅಡುಗೆಮನೆಯಲ್ಲಿ ಗಂಡನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದುದು ಮಾವನ ಕಿವಿಗೆ ಬಿತ್ತು. ನೀರು ಕುಡಿಯಲು ಹೋದವರು ಬಾಗಿಲ ಈಚೆಗೇ ನಿಂತರು.

"ಇರೋ ನಾಲ್ಕನ್ನೂ ನಾನು ಮುಟ್ಟಲ್ಲ ರೀ. ನನ್ನ ಕೈಗುಣವೇ ಅಂಥದ್ದು. ನನ್ನ ಕೈಯಲ್ಲಿ ಯಾವುದೂ ಉಳಿಯಲ್ಲ."

ಅಳುತ್ತಾ ಹೇಳಿದ್ದರೆ ಮಾವ ತಡೆದುಕೊಳ್ಳುತ್ತಿದ್ದರೋ ಏನೋ. ಅವಳು ಮನೆಯಲ್ಲಿ ಎಣ್ಣೆ ಮುಗಿದಿದೆ ಎಂದು ಹೇಳುವ ಹಾಗೆ ಹೇಳಿದಳು. ಮಾವ ನೀರೂ ಕುಡಿಯದೆ ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತರು. ಬಾಯಿ ಮುಚ್ಚಿಕೊಂಡು ಇದ್ದದ್ದು ಅವಳ ಒಳ್ಳೆಯದಕ್ಕೇ ಎಂದು ಇಷ್ಟು ದಿನ ತಮ್ಮನ್ನು ತಾವೇ ನಂಬಿಸಿಕೊಂಡಿದ್ದರು. ಈಗ ನೋಡಿದರೆ ತಮ್ಮ ತಪ್ಪನ್ನು ಆ ಹುಡುಗಿಯ ತಲೆಗೆ ಕಟ್ಟಿ ತಾವು ಹಾಯಾಗಿ ಉಂಡು ಮಲಗುತ್ತಿದ್ದರು.

ಮಧ್ಯಾಹ್ನ ಸೊಸೆ ಬಟ್ಟೆ ಹಿಂಡುತ್ತಿದ್ದಾಗ ಹತ್ತಿರ ಹೋಗಿ ನಿಂತರು.

"ಅಮ್ಮಾ, ಒಂದ್ ಮಾತು. ಆ ಮರಿಗಳು ನಿನ್ನಿಂದ ಸಾಯ್ಲಿಲ್ಲ. ಓಲೆ ಇರೋ ಹುಂಜ, ಓಲೆ ಇರೋ ಹೇಟೆ ಜೋಡಿಯಾದ್ರೆ ಚಿಪ್ಪಿನಲ್ಲೇ ಸಾಯ್ತವಂತೆ. ಆ ಜಾತಿಯ ಗುಣವೇ ಹಾಗೆ."

ಸೊಸೆ ಹಿಂಡುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದುಕೊಂಡಳು. "ಯಾರ್ ಹೇಳಿದ್ರು?"

"ಕೋಳಿಯಮ್ಮ."

"ಯಾವಾಗ?"

ಇದೊಂದನ್ನು ಕೇಳದೆ ಇದ್ದರೆ ಸಾಕು ಎಂದುಕೊಂಡಿದ್ದರು. "ಕೊಳ್ಳೋ ದಿನವೇ. ಬೇರೆ ಹುಂಜ ತಗೊಳ್ಳಿ ಅಂದ್ಲು. ನಾನೇ ಬಣ್ಣಕ್ಕೆ ಮರುಳಾಗಿ..."

ಸೊಸೆ ಅವರ ಮುಖವನ್ನೇ ನೋಡುತ್ತಿದ್ದಳು. ಬೈಯುತ್ತಾಳೆಂದು ಮಾವ ಕಾದರು. ಅವಳು ಮೆಲ್ಲಗೆ ಕೇಳಿದಳು, "ಆಸ್ಪತ್ರೆಯಲ್ಲೂ ಹೀಗೇ ಏನಾದ್ರೂ ಇತ್ತಾ ಮಾವ? ನಿಮ್ಗೆಲ್ಲ ಗೊತ್ತಿದ್ದು ನಂಗೆ ಹೇಳದೇ ಇರೋದು?"

"ಇಲ್ಲಮ್ಮ. ನಂಗೇನೂ ಗೊತ್ತಿಲ್ಲ."

"ಕೋಳಿದೂ ಗೊತ್ತಿಲ್ಲ ಅಂದಿದ್ರಿ."

ಆಸ್ಪತ್ರೆಯ ವಿಷಯದಲ್ಲಿ ಮಾವ ಹೇಳಿದ್ದು ಸತ್ಯ. ಆದರೆ ಆ ಸತ್ಯವನ್ನು ನಂಬಿಸುವ ಯೋಗ್ಯತೆಯನ್ನು ತಾವೇ ಕಳೆದುಕೊಂಡಿದ್ದರು. ಸೊಸೆ ಬಟ್ಟೆಯನ್ನು ಕೊಡವಿ ತಂತಿಗೆ ಹರವಿ ಒಳಗೆ ಹೋದಳು. ಆಮೇಲೆ ತಟ್ಟೆ ಇಡುತ್ತಿದ್ದಳು, ನೀರು ಇಡುತ್ತಿದ್ದಳು, ಮುಖ ಕೊಟ್ಟು ಮಾತಾಡುತ್ತಿರಲಿಲ್ಲ.

ಕೊನೆಗೆ ಅವರೇ ಹೇಳಿದರು: "ನನ್ನ ಮಾತು ನಂಬ್ಬೇಡ. ಡಾಕ್ಟರಮ್ಮನ್ನೇ ಕೇಳೋಣ, ನಡಿ. ನೀನೇ ಒಳಗೆ ಹೋಗಿ ಕೇಳು. ನಾನು ಹೊರಗೆ ಕೂತಿರ್ತೀನಿ."

ಬೇಡ ಅನ್ನುತ್ತಾಳೆ ಎಂದುಕೊಂಡಿದ್ದರು. ಅವಳು ಮಾರನೆಯ ದಿನ ಬೆಳಿಗ್ಗೆ ತಲೆ ಬಾಚಿಕೊಂಡು ಹೊರಟು ನಿಂತಿದ್ದಳು.

ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಮಾವ ಕೂತರು. ಎದುರಿನ ಗೋಡೆಗೆ ಯಾರೋ ಹಸಿರನ್ನು ಅರೆಮನಸ್ಸಿನಿಂದ ಬಳಿದಿದ್ದರು. ಒಂದೇ ಸಲ ಬಳಿದದ್ದು ಸಾಲದೆ ಹಳೆಯ ಹಳದಿ ಇಣುಕುತ್ತಿತ್ತು. ಬೇರೆ ದಿನವಾದರೆ ಬಳಿದವನಿಗೆ ಎರಡು ಮಾತು ಬೈದುಕೊಳ್ಳುತ್ತಿದ್ದರು. ಸೊಸೆ ಒಳಗೆ ಹೋದ ಡಾಕ್ಟರಮ್ಮನ ಕೋಣೆಯ ಬಾಗಿಲು ಬಹಳ ಹೊತ್ತು ತೆರೆಯಲಿಲ್ಲ. ತೆರೆದಾಗ ಸೊಸೆಯ ಕಣ್ಣು ಕೆಂಪಾಗಿತ್ತು. ಅವಳು ಬಂದು ಬೆಂಚಿನ ಮೇಲೆ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಳು.

"ಹೆರಿಗೆಗೆ ಮೊದ್ಲೇ ಮಾಸು ಗರ್ಭಕೋಶದಿಂದ ಬಿಟ್ಕೊಂಡಿತ್ತಂತೆ. ಯಾಕೆ ಅಂತ ಅವ್ರಿಗೂ ಗೊತ್ತಾಗಿಲ್ಲ. ಆವತ್ತೇ ಹೇಳಿದ್ರಂತೆ. ನನ್ನ ತಲೆಗೆ ಹೋಗಿರ್ಲಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡು, "ಮಂಚ ಸರಿಸಿದ್ದಕ್ಕಲ್ಲವಂತೆ" ಅಂದಳು.

"ಯಾವ ಮಂಚ?"

"ನಿಮ್ಮದು. ಆಸ್ಪತ್ರೆಗೆ ಸೇರೋ ಹಿಂದಿನ ದಿನ ಮಳೆಗೆ ನಿಮ್ಮ ಹಾಸಿಗೆ ಮೇಲೆ ಸೋರ್ತಿತ್ತು. ನೀವು ಹಿತ್ತಲಲ್ಲಿ ಕೋಳಿಗೂಡಿಗೆ ತಗಡು ಹೊಡೀತಿದ್ರಿ. ಕರೆಯೋದ್ಯಾಕೆ ಅಂತ ನಾನೇ ಎಳೆದೆ. ಅದರಿಂದಲೇ ಆಯ್ತು ಅಂದ್ಕೊಂಡಿದ್ದೆ. ಹೇಳಿದ್ರೆ ನೀವು ಕೊರಗ್ತೀರಿ ಅಂತ ಯಾರಿಗೂ ಹೇಳಿರ್ಲಿಲ್ಲ."

ಮಾವನಿಗೆ ಆ ದಿನ ನೆನಪಾಯಿತು. ಒಳಗೆ ಬಂದಾಗ ಮಂಚ ಕಿಟಕಿಯಿಂದ ದೂರ ಸರಿದಿತ್ತು. ಮಗ ಸರಿಸಿರಬೇಕು ಎಂದುಕೊಂಡು ಮಲಗಿದ್ದರು. ಆ ವಾರ ಮಗ ಊರಲ್ಲೇ ಇರಲಿಲ್ಲ. ಅಷ್ಟನ್ನೂ ಯೋಚಿಸಿರಲಿಲ್ಲ. ಇವಳು ತಮಗೆ ನೋವಾಗದಿರಲೆಂದು ಅಷ್ಟು ದೊಡ್ಡ ಭಾರವನ್ನು ಒಬ್ಬಳೇ ಹೊತ್ತಿದ್ದಳು. ತಾವು ಅದರ ಮೇಲೆ ಆರು ಮೊಟ್ಟೆಯನ್ನೂ ಹೇರಿದ್ದರು. ಮಾವ ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡರು. "ತಪ್ಪಾಯ್ತಮ್ಮ" ಅಂದರು. ಯಾವುದಕ್ಕೆಂದು ಅವಳೂ ಕೇಳಲಿಲ್ಲ.

"ಏಳಿ, ಬಸ್ ಬರುತ್ತೆ" ಅಂದಳು.

ಓಲೆಯ ಹುಂಜವನ್ನು ವಾಪಸು ಕೊಡಬೇಕೆಂದು ಹೇಳಿದವಳು ಸೊಸೆಯೇ. ತಾನೂ ಬರುತ್ತೇನೆ ಅಂದಳು. ಕೋಳಿಯಮ್ಮನ ಅಂಗಳದಲ್ಲಿ ಮಾವ ಪೆಟ್ಟಿಗೆ ಹಿಡಿದುಕೊಂಡು ಹಿಂದೆ ನಿಂತರು. ಸೊಸೆ ಒಂದೊಂದು ಗೂಡಿನ ಮುಂದೆಯೂ ನಿಂತು, "ಇದ್ರಲ್ಲೇನು ತೊಂದರೆ? ಇರೋದೆಲ್ಲ ಹೇಳಿಬಿಡಿ" ಎಂದು ಕೇಳಿದಳು.

"ಯಜಮಾನ್ರಿಗೆ ಆವತ್ತೇ ಎಲ್ಲ ಹೇಳಿದ್ನಲ್ಲಮ್ಮ."

"ಈ ಸಲ ನಂಗೆ ಹೇಳಿ."

ಮಾವ ನೆಲ ನೋಡಿದರು. ಕೋಳಿಯಮ್ಮ ಇಬ್ಬರ ಮುಖವನ್ನೂ ನೋಡಿ, ಮೊದಲಿನಿಂದ ಎಲ್ಲವನ್ನೂ ಹೇಳಿದಳು. ಗಡ್ಡದ ಹುಂಜವಾದರೆ ಓಲೆ ಹೇಟೆಗಳ ಜೊತೆ ಬಿಡಬಹುದು. ಆದರೂ ಒಂದೊಂದು ಸಲ ಒಂದೆರಡು ಮೊಟ್ಟೆ ಒಡೆಯದೇ ಹೋಗಬಹುದು, ಅದಿಲ್ಲವೆಂದು ತಾನು ಮಾತು ಕೊಡುವುದಿಲ್ಲ ಅಂದಳು. ಆ ಹುಂಜದ ತಾಯಿ ಇಟ್ಟ ಮೊಟ್ಟೆಯನ್ನೂ ತಂದು ತೋರಿಸಿದಳು.

ಸೊಸೆ ಅದನ್ನು ಮಾವನ ಕೈಗೆ ಕೊಟ್ಟಳು. "ಬಣ್ಣ ಹೇಗಿದೆ ಹೇಳಿ."

ಚೆನ್ನಾಗಿದೆ ಎಂದುಬಿಡುವುದು ಸುಲಭವಿತ್ತು. ಮಾವ ಬಿಸಿಲಿಗೆ ಹಿಡಿದು ನೋಡಿ, "ಸ್ವಲ್ಪ ತೆಳು. ಮೊದಲಿನಷ್ಟು ಇಲ್ಲ" ಅಂದರು.

"ತೆಳುವಾದ್ರೂ ಪರವಾಗಿಲ್ಲ" ಎಂದು ಸೊಸೆ ಗಡ್ಡದ ಹುಂಜವನ್ನು ತಾನೇ ಎತ್ತಿಕೊಂಡಳು.

ಅದಾದ ಮೇಲೆ ಮರಿಗಳಿಗೆ ನುಚ್ಚು ಹಾಕುವ ಕೆಲಸ ಮತ್ತೆ ಅವಳದೇ ಆಯಿತು. ಮಾತೂ ಬಂತು, ಗಂಡನ ಜೊತೆ ನಗುವೂ ಬಂತು. ಆದರೆ ಬಹಳ ದಿನದವರೆಗೆ, ಮಾವ ಏನೇ ಹೇಳಿದರೂ, ಗ್ಯಾಸ್ ಇನ್ನೊಂದು ವಾರ ಬರುತ್ತದೆ ಎಂದರೂ ಸರಿ, ಅವಳು ಒಂದು ಗಳಿಗೆ ಅವರ ಮುಖವನ್ನೇ ನೋಡಿ ಆಮೇಲೆ ತಲೆಯಾಡಿಸುತ್ತಿದ್ದಳು. ಅವಳು ನೋಡಿ ಮುಗಿಸುವವರೆಗೂ ಮಾವ ಮುಖ ತಿರುಗಿಸದೆ ನಿಂತಿರುತ್ತಿದ್ದರು.