ಯಾಕೆಂದು ಕೇಳದ ಭಾನುವಾರ

ಅದು ಶುರುವಾದದ್ದು ಸೆಪ್ಟೆಂಬರ್ ಕೊನೆಯಲ್ಲಿ, ಊರಿಗೆ ಊರೇ ಅಂಗಳದಲ್ಲಿ ಒಲೆ ಹೂಡಿ ಕೆಂಪು ದಪ್ಪ ಮೆಣಸಿನಕಾಯಿ ಸುಡುವ ದಿನಗಳಲ್ಲಿ, ಮಧ್ಯಾಹ್ನ ನಾಲ್ಕರ ಹೊತ್ತಿಗೆ. ಸೆವ್ಲಿಯೆವೊದಲ್ಲಿ ಆ ವಾರ ಯಾರ ಬಟ್ಟೆ ಮೂಸಿದರೂ ಸುಟ್ಟ ಸಿಪ್ಪೆಯ ವಾಸನೆ. ವೆಲಿಕಾ ಮಾತ್ರ ಅಂಗಳಕ್ಕೆ ಇಳಿದಿರಲಿಲ್ಲ. ಕಕ್ಕಸಿನ ಬಾಗಿಲಿಗೆ ಎರಡು ಹೆಜ್ಜೆ ದೂರದಲ್ಲಿ ಕುರ್ಚಿ ಹಾಕಿಕೊಂಡು, ಫೋನನ್ನು ಮೂಗಿನ ಹತ್ತಿರ ಹಿಡಿದು, ಒಂದೇ ಬೆರಳಲ್ಲಿ ಒಂದೊಂದಾಗಿ ಅಕ್ಷರ ಒತ್ತುತ್ತಿದ್ದಳು.

ಅವಳಿಗೆ ಅರವತ್ತೊಂದು ವರ್ಷ. ಮೂವತ್ತನಾಲ್ಕು ವರ್ಷ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ಹೊಲಿದವಳು. ಕೊನೆಯ ಕೆಲವು ವರ್ಷ ದಿನಕ್ಕೆ ಹತ್ತು ಸಲ ಮಿಷನ್ ಬಿಟ್ಟು ಓಡುತ್ತಿದ್ದಳು. 'ವೆಲಿಕಾ ಇವತ್ತು ಕಾಲರ್ ಎಷ್ಟು ಹೊಲಿದಳೋ, ಅಷ್ಟು ಸಲ ಹೋಗಿ ಬಂದಳು' ಎಂದು ಜೊತೆಯವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಪಿತ್ತ ಎನ್ನುತ್ತಿದ್ದಳು. ಹನ್ನೊಂದು ವರ್ಷ ಗಂಡನೊಬ್ಬನನ್ನು ಬಿಟ್ಟು ಎಲ್ಲರ ಹತ್ತಿರವೂ ಪಿತ್ತವೇ. ರಕ್ತದ ಮಾತು, ನಡುದಾರಿಯಲ್ಲಿ ಬಟ್ಟೆ ಕೆಟ್ಟ ಮಾತು ಯಾರಿಗೆ ಹೇಳುವುದು?

ಆ ಬೇಸಿಗೆಯಲ್ಲಿ ಪ್ಲೆವೆನ್ ಆಸ್ಪತ್ರೆಯ ವೈದ್ಯರು ಕರುಳಿನ ಒಳಗೆ ಕ್ಯಾಮೆರಾ ಇಳಿಸಿ ನೋಡಿ ಕಾಯಿಲೆಗೆ ಒಂದು ಹೆಸರು ಕೊಟ್ಟರು. ಕ್ರೋನ್. ಕರುಳಿನ ಉರಿಯೂತ. 'ಪೂರ್ತಿ ವಾಸಿಯಾಗಲ್ಲ. ಆದ್ರೆ ಮದ್ದು ಬಿಡದೆ ತಗೊಂಡ್ರೆ ಜೊತೆಗಿಟ್ಟುಕೊಂಡೇ ಬಾಳಬಹುದು' ಎಂದರು. ಮದ್ದು ಎಂದರೆ ಸೂಜಿ. ಎರಡು ವಾರಕ್ಕೊಮ್ಮೆ ತಾನೇ ಹೊಟ್ಟೆಗೆ ಚುಚ್ಚಿಕೊಳ್ಳಬೇಕು. ಆ ಡಬ್ಬಿ ಮೂರು ವಾರದಿಂದ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಕೂತಿತ್ತು.

ಗಂಡ ಗಾಂಚೊ, ಬಸ್ಸು ಓಡಿಸಿ ನಿವೃತ್ತನಾದವನು, ಫ್ರಿಜ್ಜು ತೆಗೆದಾಗಲೆಲ್ಲ ಒಂದು ಮಾತು ಆಡದೆ ಇರುತ್ತಿರಲಿಲ್ಲ.

'ಮೂವತ್ನಾಲ್ಕು ವರ್ಷ ಸೂಜಿ ಜೊತೆ ಸಂಸಾರ ಮಾಡಿದೋಳು, ಈಗ ಸೂಜಿ ಕಂಡ್ರೆ ನಡುಗ್ತೀಯಲ್ಲೇ.'

'ಆ ಸೂಜಿ ಬಟ್ಟೆಗೆ ಹೋಗ್ತಿತ್ತು ಮಾರಾಯ.'

ಊರ ವಾಚನಾಲಯದಲ್ಲಿ ವಯಸ್ಸಾದವರಿಗೆ ಫೋನು ಕಲಿಸುವ ಪಾಠವಿತ್ತು. ವೆಲಿಕಾ ಅಲ್ಲಿ ಕಲಿತದ್ದು ಎರಡೇ: ಹುಡುಕುವುದು, ಬರೆಯುವುದು. ಮೊದಲು ಕಾಯಿಲೆಯ ಹೆಸರು ಹುಡುಕಿದಳು. ಒಂದು ಪುಟ ಕರುಳು ಕೊಯ್ಯುತ್ತಾರೆ ಎಂದಿತು. ಇನ್ನೊಂದು ಪುಟದಲ್ಲಿ ಗಡ್ಡದ ಮನುಷ್ಯನೊಬ್ಬ ನಗುತ್ತ ನಿಂತಿದ್ದ. ಸೂಜಿ ವಿಷ, ತನ್ನ ಬೇರಿನ ಹನಿ ನಲವತ್ತು ದಿನ ಕುಡಿದರೆ ಕಾಯಿಲೆ ಬೇರುಸಹಿತ ಹೋಗುತ್ತದೆ ಎಂದು ಬರೆದಿದ್ದ. ಅದನ್ನು ಅವಳು ಮೂರು ಸಲ ಓದಿದಳು. ಹುಡುಕುತ್ತ ಹೋದಾಗ ಸಿಕ್ಕಿದ್ದು ಒಂದು ಗುಂಪು. ಹೆಸರು 'ಬಾಗಿಲ ಪಕ್ಕದ ಕುರ್ಚಿ'. ಆ ಹೆಸರು ನೋಡಿದೊಡನೆ ಅವಳಿಗೆ, ಇವರೆಲ್ಲ ನನ್ನವರು ಎನ್ನಿಸಿತು. ಮದುವೆಗೆ ಹೋದರೂ ಇಗರ್ಜಿಗೆ ಹೋದರೂ ಅವಳು ಕೂರುತ್ತಿದ್ದದ್ದು ಅಲ್ಲೇ ಅಲ್ಲವೇ.

ನಲವತ್ತು ನಿಮಿಷ ಹಿಡಿದು ಅವಳು ಬರೆದದ್ದು ಇಷ್ಟು: 'ನನಗೆ ಅರವತ್ತೊಂದು. ಸೂಜಿ ಫ್ರಿಜ್ಜಿನಲ್ಲಿದೆ. ಭಯ. ಬೇರಿನ ಹನಿ ಕುಡಿದು ವಾಸಿಯಾದವರು ಯಾರಾದರೂ ಇದ್ದೀರಾ?'

ಗಾಂಚೊ ಒಂದು ಬುಟ್ಟಿ ಮೆಣಸಿನಕಾಯಿ ಸುಲಿದು ಮುಗಿಸುವುದರೊಳಗೆ ಉತ್ತರ ಬಂತು.

'ದೊಡ್ಡಮ್ಮ, ಆ ಗಡ್ಡದೋನ ಹನಿ ನಾನೂ ಕುಡ್ದಿದ್ದೆ. ಅವನ ಮನೆ ಮೇಲೆ ಇನ್ನೊಂದು ಮಹಡಿ ಎದ್ದಿತು, ನಾನು ಆಸ್ಪತ್ರೇಲಿ ಮಲಗಿದೆ. ಸೂಜಿ ತಗೊಳ್ಳಿ. ಗುರುವಾರ ಸಂಜೆ ಆರಕ್ಕೆ ನಾನೂ ತಗೋತೀನಿ. ಒಟ್ಟಿಗೇ ತಗೊಳ್ಳೋಣ.'

ಅವಳ ಹೆಸರು ಬಿಸೆರಾ. ಇಪ್ಪತ್ತೊಂಬತ್ತು ವರ್ಷ. ದೇಶದ ಇನ್ನೊಂದು ತುದಿ ವಿದಿನ್‌ನಲ್ಲಿ, ಡ್ಯಾನ್ಯೂಬ್ ದಂಡೆಯ ಮೇಲೆ ತಾಯಿ, ಗಂಡನ ಜೊತೆ ಮನೆ. ಶಿಶುವಿಹಾರದ ಅಡುಗೆಮನೆಯಲ್ಲಿ ಕೆಲಸ. ಹದಿನೇಳಕ್ಕೇ ಈ ಕಾಯಿಲೆ ಹಿಡಿದಿತ್ತು.

ಗುರುವಾರ ಆರಕ್ಕೆ ವೆಲಿಕಾ ಫೋನನ್ನು ಮೆಣಸಿನಕಾಯಿ ಗೊಜ್ಜಿನ ಬಾಟಲಿಗೆ ಒರಗಿಸಿ ಕೂತಳು. ಪರದೆಯ ಮೇಲೆ ತೆಳ್ಳಗಿನ ಮುಖ, ಎಳೆದು ಕಟ್ಟಿದ ಜಡೆ.

'ಹೊಟ್ಟೆ ಹಿಡ್ಕೊಳ್ಳಿ ದೊಡ್ಡಮ್ಮ. ಹಿಟ್ಟು ಹಿಡ್ದಂಗೆ.'

'ಹಿಟ್ಟು ಬೇಕಾದಷ್ಟಿದೆ ಕಣೇ.'

'ನಂಗೆ ಸ್ವಲ್ಪ ಕೊಡಿ ಹಾಗಾದ್ರೆ. ಇಲ್ಲಿ ಬರೀ ಮೂಳೆ.'

ಹಿಂದಿನಿಂದ ಗಾಂಚೊ ಕೂಗಿದ: 'ನಂದೂ ಸೇರಿಸಿ ಕಳಿಸ್ತೀನಮ್ಮ, ಬಸ್ಸಿನಲ್ಲಿ ಹಾಕಿ.' ಬಿಸೆರಾ ನಕ್ಕಳು. ನಗುವಾಗಲೇ ಇಬ್ಬರೂ ಚುಚ್ಚಿಕೊಂಡರು. ವೆಲಿಕಾಳಿಗೆ ಚುಚ್ಚಿದ್ದು ಗೊತ್ತಾದದ್ದು ಆಮೇಲೆ. ಕಣ್ಣೊರೆಸಿಕೊಂಡು 'ಆಯ್ತು' ಎಂದಳು. 'ಆಯ್ತು' ಎಂದಳು ಬಿಸೆರಾ. ಅಂದಿನಿಂದ ಅದೇ ರೂಢಿಯಾಯಿತು. ಎರಡು ವಾರಕ್ಕೊಂದು ಗುರುವಾರ, ಸಂಜೆ ಆರು, ಆಯ್ತು, ಆಯ್ತು.

ಆ ಹುಡುಗಿ ಕಲಿಸಿದ್ದು ಒಂದೆರಡಲ್ಲ. ಅನ್ನ ಮೆತ್ತಗೆ ಬೇಯಿಸು, ಕ್ಯಾರೆಟ್ ಸೇರಿಸು, ಕಾಳು ಇಡಿಯಾಗಿ ತಿನ್ನಬೇಡ. ಚೀಲದಲ್ಲಿ ಇನ್ನೊಂದು ಜೊತೆ ಬಟ್ಟೆ ಇಟ್ಟುಕೋ. ಯಾವ ಬಸ್ ನಿಲ್ದಾಣದ ಕಕ್ಕಸಿಗೆ ಬೀಗ, ಬೀಗದ ಕೈ ಯಾರ ಹತ್ತಿರ, ಎಲ್ಲ ಅವಳಿಗೆ ಬಾಯಿಪಾಠ. ಗುಂಪಿಗೆ ಹೊಸದಾಗಿ ಯಾರು ಬಂದರೂ ಅವಳು ಮೊದಲು ಬರೆಯುತ್ತಿದ್ದ ಮಾತು ಒಂದೇ: 'ಚೆನ್ನಾಗಿರೋ ದಿನವೇ ಮದ್ದು ಬಿಡೋ ಮನಸ್ಸಾಗೋದು. ಬಿಡಬೇಡಿ.' ಬಿಟ್ಟೆ ಎಂದವರಿಗೆ ಚೆನ್ನಾಗಿ ಬೈಯುತ್ತಿದ್ದಳು. ಬೈಸಿಕೊಂಡವರು ಅವಳಿಗೇ ಮತ್ತೆ ಬರೆಯುತ್ತಿದ್ದರು.

ಡಿಸೆಂಬರಿನಲ್ಲಿ ಬಿಸೆರಾಳ ಫೋನಿನ ಕ್ಯಾಮೆರಾ ಕೆಟ್ಟಿತು. 'ಮುಖ ಕಾಣ್ಸಲ್ಲ ದೊಡ್ಡಮ್ಮ, ಬರೀತೀನಿ' ಎಂದಳು. ಗುರುವಾರ ಆರಕ್ಕೆ ಸರಿಯಾಗಿ ಬರೆಯುತ್ತಲೂ ಇದ್ದಳು. ಆಯ್ತು. ವೆಲಿಕಾಳೂ ಬರೆಯುತ್ತಿದ್ದಳು. ಆಯ್ತು. ಹೊಸ ವರ್ಷ ಕಳೆದ ಮೇಲೆ ಹುಡುಗಿಯ ಮಾತು ಮೊಟಕಾಯಿತು. ಚಳಿಗೆ ಹಾಗೇ, ಎಂದುಕೊಂಡಳು ವೆಲಿಕಾ. ಅವಳಿಗಂತೂ ಹೊಟ್ಟೆ ಹಗುರವಾಗಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಸಂತೆಗೆ ಹೋಗಿ ಒಂದು ಗಂಟೆ ನಿಂತು ಬಂದಿದ್ದಳು. ತನಗೆ ಹಗುರವಾದಾಗ ಇನ್ನೊಬ್ಬರ ಭಾರ ಕಾಣುವುದು ತಡ.

ಈಸ್ಟರ್ ಹಬ್ಬಕ್ಕೆ ಮುಂಚಿನ ದೊಡ್ಡ ಉಪವಾಸ ಶುರುವಾಗುವ ಹಿಂದಿನ ಭಾನುವಾರ ಬಂತು, ಮಾರ್ಚ್ ಎರಡು. ಅದು ಕ್ಷಮೆಯ ಭಾನುವಾರ. ಅಂದು ಕಿರಿಯರು ಹಿರಿಯರ ಕೈಗೆ ಮುತ್ತಿಟ್ಟು 'ಕ್ಷಮಿಸು' ಎನ್ನಬೇಕು. ಹಿರಿಯರು 'ದೇವರು ಕ್ಷಮಿಸಲಿ' ಎನ್ನಬೇಕು. ಅಷ್ಟೇ. ಏನು ತಪ್ಪು, ಯಾವಾಗ ಮಾಡಿದೆ ಎಂದು ಯಾರೂ ಕೇಳುವ ಹಾಗಿಲ್ಲ. ವೆಲಿಕಾ ಏಳು ವರ್ಷದವಳಾಗಿದ್ದಾಗ ಒಂದು ಸಲ ಕೇಳಿದ್ದಳು. ಚಿಕ್ಕಪ್ಪ ಅಜ್ಜಿಯ ಮುಂದೆ ಮಂಡಿಯೂರಿ 'ಕ್ಷಮಿಸಮ್ಮ' ಎಂದಾಗ, 'ಯಾಕೆ, ಏನು ಮಾಡಿದೆ?' ಎಂದುಬಿಟ್ಟಿದ್ದಳು. ಅಜ್ಜಿಯ ಕೈ ಕೆನ್ನೆಗೆ ಬಿದ್ದಿತ್ತು. 'ಯಾಕೆ ಅಂತ ಕೇಳಿ ಕೊಟ್ರೆ ಅದು ಕ್ಷಮೆ ಅಲ್ಲ ಕಣೇ, ಪೊಲೀಸು.' ಐವತ್ತನಾಲ್ಕು ವರ್ಷವಾದರೂ ಆ ಕೆನ್ನೆ ಮರೆತಿರಲಿಲ್ಲ.

ಅಂದು ಬೆಳಿಗ್ಗೆಯಿಂದ ಫೋನು ಗುಣುಗುಣು ಎನ್ನುತ್ತಿತ್ತು. ಸೋದರಳಿಯಂದಿರು, ಕಾರ್ಖಾನೆಯ ಹಳೆಯ ಹೆಂಗಸರು, ಗುಂಪಿನ ಜನ, ಎಲ್ಲರದ್ದೂ ಅದೇ. ವೆಲಿಕಾ ಒಂದೇ ಬೆರಳಲ್ಲಿ ಒಬ್ಬೊಬ್ಬರಿಗೂ ಉತ್ತರ ಬರೆದಳು.

'ನನ್ನನ್ನೂ ಕ್ಷಮಿಸೇ' ಎಂದ ಗಾಂಚೊ, ಚೀಸಿನ ಹೋಳಿಗೆ ಮುರಿಯುತ್ತ.

'ದೇವರು ಕ್ಷಮಿಸಲಿ. ಅವನಿಗೆ ಇವತ್ತಿಡೀ ನಿನ್ನದೇ ಕೆಲಸ.'

ಸಂಜೆ ಐದರ ಸುಮಾರಿಗೆ ಬಿಸೆರಾಳದು ಬಂತು. 'ದೊಡ್ಡಮ್ಮ, ನನ್ನನ್ನ ಕ್ಷಮಿಸಿ.'

ವೆಲಿಕಾ ಎಲ್ಲರಿಗೂ ಬರೆದದ್ದನ್ನೇ ಬರೆದಳು: 'ದೇವರು ಕ್ಷಮಿಸಲಿ ಮಗಳೇ. ನಾನೂ ಕ್ಷಮಿಸಿದೆ. ನೀನೂ ನನ್ನನ್ನು ಕ್ಷಮಿಸು.'

ಆ ಕಡೆ ಬಿಸೆರಾ ಏನೋ ಬರೆಯುತ್ತಿದ್ದಾಳೆ ಎಂದು ಪರದೆ ತೋರಿಸಿತು. ಮೂರು ಚುಕ್ಕಿ ಕುಣಿದವು, ನಿಂತವು, ಮತ್ತೆ ಕುಣಿದವು. ಚಹಾ ಆರಿಹೋಗುವಷ್ಟು ಹೊತ್ತು ವೆಲಿಕಾ ನೋಡುತ್ತ ಕೂತಿದ್ದಳು. ಏನು ಮಗೂ ಎಂದು ಕೇಳಲು ಬೆರಳು ಎತ್ತಿದಳು. ಕೇಳುವ ದಿನವಲ್ಲ ಎಂದು ಬೆರಳು ತಾನೇ ಹಿಂದೆ ಬಂತು. ಕೊನೆಗೆ ಬಂದದ್ದು ಒಂದೇ ಪದ. 'ಕ್ಷಮಿಸಿದೆ.'

ಹನ್ನೊಂದು ದಿನದ ಮೇಲೆ ಗುರುವಾರ. ಆರಕ್ಕೆ ವೆಲಿಕಾ 'ಆಯ್ತು' ಎಂದು ಬರೆದಳು. ಆ ಕಡೆಯಿಂದ ಸದ್ದಿಲ್ಲ. ಏಳಕ್ಕೆ ಬರೆದಳು. ಮರುದಿನ ಬರೆದಳು, ಫೋನು ಮಾಡಿದಳು. ಭಾನುವಾರ ಮಧ್ಯಾಹ್ನ ಬಿಸೆರಾಳ ಫೋನಿನಿಂದಲೇ ಕರೆ ಬಂತು. ಓಡಿಹೋಗಿ ಎತ್ತಿದರೆ ಬೇರೆ ದನಿ.

'ನಾನು ಅವಳ ತಾಯಿ, ಇಸ್ಕ್ರಾ ಅಂತ. ದೊಡ್ಡಮ್ಮ ಅಂತ ಹಾಕ್ಕೊಂಡಿದ್ದಾಳೆ ಫೋನಲ್ಲಿ. ನೀವೇ ಅಲ್ವಾ?' ವೆಲಿಕಾ ಹೌದೆಂದಳು. 'ಕರುಳು ತೂತಾಗಿತ್ತಂತೆ. ಆಪರೇಷನ್ ಮಾಡಿದ್ರು. ಏಳಲಿಲ್ಲ.'

ಸಾವಿನ ಒಂಬತ್ತನೆಯ ದಿನದ ಊಟಕ್ಕೆ ವೆಲಿಕಾ ಹೊರಟಳು. ಪ್ಲೆವೆನ್ ದಾಟಿ ಮುಂದಿನ ಊರು ಅವಳು ಹನ್ನೊಂದು ವರ್ಷದಿಂದ ಕಂಡಿರಲಿಲ್ಲ. ಎರಡು ಬಸ್ಸು ಬದಲಿಸಬೇಕಿತ್ತು. ಗಾಂಚೊ ಕಪ್ಪು ಕೋಟು ತೊಟ್ಟು ಬಂದ, ದಾರಿಯುದ್ದಕ್ಕೂ ಒಂದು ತಮಾಷೆಯನ್ನೂ ಮಾಡಲಿಲ್ಲ. ನಿಲ್ದಾಣ ಬಂದಾಗಲೆಲ್ಲ ವೆಲಿಕಾ ಇಳಿದು, ಹೂವಿನ ಅಂಗಡಿಯವಳ ಹತ್ತಿರ ಕೈ ಚಾಚಿದಳು, ಟಿಕೆಟ್ಟಿನವನ ಹತ್ತಿರ ಚಾಚಿದಳು. ಬೀಗದ ಕೈಗಳು ಎಲ್ಲೆಲ್ಲಿ ಇರುತ್ತವೆ ಎಂದು ಬಿಸೆರಾ ಹೇಳಿದ್ದಳೋ ಅಲ್ಲಲ್ಲೇ ಇದ್ದವು.

ಆ ಮನೆಯ ಬಾಗಿಲಿಗೆ, ಸತ್ತವರ ಕಡೆಯವರೆಲ್ಲ ತಮ್ಮ ತಮ್ಮ ಮನೆಗೂ ಅಂಟಿಸಿಕೊಳ್ಳುವ ಸಾವಿನ ಕಾಗದ ಅಂಟಿಸಿದ್ದರು, ಕಪ್ಪು ಅಂಚು, ನಡುವೆ ಫೋಟೊ. ಫೋಟೊದಲ್ಲಿ ಹುಡುಗಿ ಗಾಳಿಗೆ ಜಡೆ ಬಿಚ್ಚಿಕೊಂಡು ನದಿಯ ಮುಂದೆ ನಿಂತಿದ್ದಳು. ಪರದೆಯಲ್ಲಿ ಮುಖವೊಂದನ್ನೇ ಕಂಡಿದ್ದ ವೆಲಿಕಾಳಿಗೆ ಅವಳು ಅಷ್ಟು ಎತ್ತರದವಳು ಎಂದು ಗೊತ್ತಿರಲಿಲ್ಲ.

ಒಳಗೆ ಉದ್ದನೆಯ ಮೇಜು. ಎಲ್ಲರ ಮುಂದೆಯೂ ಸತ್ತವರ ಹೆಸರಿನ ಬೇಯಿಸಿದ ಗೋಧಿ, ಮೇಲೆ ಸಕ್ಕರೆ. ಇಸ್ಕ್ರಾ ವೆಲಿಕಾಳ ಕೈ ಹಿಡಿದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಮುಂದೆ ಒಂದು ಬಟ್ಟಲು ಮೆತ್ತಗಿನ ಅನ್ನ ಇಟ್ಟಳು.

'ನಿಮಗೆ ಇಡೀ ಕಾಳು ಆಗಲ್ಲ ಅಂತ ಹೇಳ್ತಿದ್ಲು. ನಿಮಗೆ ಅಂತಲೇ ಬೇರೆ ಬೇಯಿಸಿದೆ.'

ವೆಲಿಕಾ ಒಂದು ಚಮಚ ಬಾಯಿಗಿಟ್ಟಳು. ಕೊನೆಯ ಅಗುಳಿನವರೆಗೂ ತಿಂದಳು.

ಜನ ಹೋದ ಮೇಲೆ ಇಸ್ಕ್ರಾ ಫ್ರಿಜ್ಜು ತೆಗೆದು ಮೂರು ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಒಂದೊಂದರಲ್ಲೂ ಎರಡೆರಡು ಸೂಜಿ. ಒಂದರ ಮುಚ್ಚಳವೂ ತೆರೆದಿರಲಿಲ್ಲ.

'ಯಾರಿಗಾದ್ರೂ ಕೊಡಿ ಅಂತ ಇಟ್ಟಿದ್ದೆ. ಔಷಧದಂಗಡಿಯೋರು ವಾಪಸ್ ತಗೋಳಲ್ಲ. ಕ್ರಿಸ್ಮಸ್ ಮುಂಚೆಯಿಂದಲೇ ಚುಚ್ಕೊಂಡಿಲ್ಲ ಅವಳು. ಆಸ್ಪತ್ರೆಗೆ ಸೇರಿಸಿದ ದಿನ ಅವಳೇ ಹೇಳೋವರೆಗೂ ನಂಗೇ ಗೊತ್ತಿರ್ಲಿಲ್ಲ.'

ವೆಲಿಕಾ ಡಬ್ಬಿಗಳನ್ನು ನೋಡಿದಳು. ಆರು ಗುರುವಾರ. ಆರು 'ಆಯ್ತು'.

'ಯಾಕಂತೆ?' ಎಂದಳು.

'ಮಗು ಬೇಕಾಗಿತ್ತು. ಸೂಜಿ ಇದ್ರೆ ಮಗು ನಿಲ್ಲಲ್ಲ ಅಂತ ಎಲ್ಲೋ ಓದಿದ್ಲಂತೆ, ಅದೂ ಆ ಫೋನಲ್ಲೇ. ಡಾಕ್ಟ್ರು ಹತ್ರ ಕೇಳಿದ್ರೆ ದಾರಿ ಹೇಳ್ತಿದ್ರು. ಆಸ್ಪತ್ರೇಲಿ ಅವರೇ ಅಂದ್ರು, ಒಂದು ಮಾತು ಕೇಳ್ಬೇಕಿತ್ತು ಅಂತ.' ಇಸ್ಕ್ರಾ ಮೇಜಿನ ಮೇಲಿನ ಚೂರುಗಳನ್ನು ಅಂಗೈಗೆ ಒತ್ತರಿಸಿಕೊಂಡಳು. 'ಗುಂಪಿನಲ್ಲಿ ಯಾಕೆ ಕೇಳ್ಲಿಲ್ವೇ ಅಂದೆ. ಅಷ್ಟು ಜನಕ್ಕೆ ಬಿಡಬೇಡಿ ಅಂತ ಬೈದೋಳು ನಾನು, ಯಾವ ಮುಖ ಇಟ್ಕೊಂಡು ಕೇಳ್ಲಮ್ಮ ಅಂದ್ಲು.'

ವೆಲಿಕಾ ಅಲ್ಲಿಯವರ ರೂಢಿಯಂತೆ ತಲೆಯನ್ನು ಅತ್ತಿತ್ತ ಮೆಲ್ಲಗೆ ಆಡಿಸಿ ಹೌದೆಂದಳು. ನಾಚಿಕೆ ಎಂದರೇನು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

'ಆದ್ರೆ ನಿಮ್ಮಿಂದ ಅವಳಿಗೆ ಸಮಾಧಾನ ಆಯ್ತು' ಎಂದಳು ಇಸ್ಕ್ರಾ, ಮನಸಾರೆ. 'ಆ ಭಾನುವಾರ ನೋವಲ್ಲಿ ಮಲಗಿದ್ಲು. ಇವತ್ತು ದೊಡ್ಡಮ್ಮಂಗೆ ಎಲ್ಲ ಹೇಳಿಬಿಡ್ತೀನಿ, ಹೇಳಿ ನಾಳೆ ಆಸ್ಪತ್ರೆಗೆ ಹೋಗ್ತೀನಿ ಅಂತ ಫೋನು ತಗೊಂಡ್ಲು. ಆಮೇಲೆ, ಯಾಕೆ ಅಂತ ಒಂದು ಮಾತೂ ಕೇಳದೆ ಕ್ಷಮಿಸಿಬಿಟ್ರು ಕಣಮ್ಮ, ಇನ್ನೇನು ಹೇಳೋದು ಅಂತ ನಕ್ಕು ಫೋನು ಕೆಳಗಿಟ್ಲು. ಆಸ್ಪತ್ರೆಗೆ ಹೋಗಿದ್ದು ಇನ್ನೂ ಹತ್ತು ದಿನ ಆದ್ಮೇಲೆ, ನಾನು, ಅವಳ ಗಂಡ ಸೇರಿ ಎತ್ಕೊಂಡು ಹೋಗಿದ್ದು.'

ಗಾಂಚೊ ಹೆಂಡತಿಯ ಮುಖ ನೋಡಿ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ವೆಲಿಕಾ ಅಳಲಿಲ್ಲ. ಆ ತಾಯಿಗೆ ಸಮಾಧಾನವೆಂದು ಉಳಿದಿದ್ದ ಒಂದೇ ಮಾತನ್ನು ಅವಳಿಂದ ಕಿತ್ತುಕೊಳ್ಳುವುದು ಹೇಗೆ? ಹೊರಡುವಾಗ ಒಂದು ಕೇಳಿದಳು. 'ಬಾಗಿಲಿಗೆ ಅಂಟಿಸೋ ಕಾಗದ ಇನ್ನೊಂದಿದ್ರೆ ಕೊಡಿ.'

ಸೆವ್ಲಿಯೆವೊಗೆ ಬಂದ ಮರುದಿನ ಬೆಳಿಗ್ಗೆ ಅದನ್ನು ತಮ್ಮ ಬೀದಿಬಾಗಿಲಿಗೆ ಅಂಟಿಸಿದಳು. ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತುತ್ತಿರುವಾಗ ಪಕ್ಕದ ಮನೆಯ ಡೋನಾ ಬ್ರೆಡ್ಡು ತರಲು ಹೊರಟವಳು ನಿಂತಳು.

'ಯಾರೇ ಇದು ವೆಲಿಕಾ? ಎಷ್ಟು ಚಿಕ್ಕೋಳು. ನಿಮ್ಮ ಕಡೆಯೋಳಾ?'

'ನಮ್ಮ ಕಡೆಯೋಳು.'

'ಏನಾಗಿತ್ತು?'

ಹನ್ನೊಂದು ವರ್ಷದ ರೂಢಿ. ಪಿತ್ತ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

'ಕರುಳಿನ ಕಾಯಿಲೆ. ಕ್ರೋನ್ ಅಂತಾರೆ. ನಂಗಿರೋದೂ ಅದೇ. ಪಿತ್ತ ಅಲ್ಲ ಡೋನಾ, ಇಷ್ಟು ವರ್ಷ ಸುಳ್ಳು ಹೇಳಿದೆ. ಕ್ಷಮಿಸು.'

ಡೋನಾ ಬ್ರೆಡ್ಡಿನ ಚೀಲವನ್ನು ಗೇಟಿಗೆ ನೇತುಹಾಕಿದಳು. 'ಯಾಕೆ ಹೇಳ್ಲಿಲ್ವೇ?' ಎಂದಳು.

ವೆಲಿಕಾ ಮೆಟ್ಟಿಲ ಮೇಲೆ ಕೂತಳು. ಪಕ್ಕದಲ್ಲಿ ಡೋನಾಳಿಗೆ ಜಾಗ ಬಿಟ್ಟಳು. ಹೇಳಲು ಶುರುಮಾಡಿದಳು.

ಆ ಕಾಗದ ಬೇಸಿಗೆಯವರೆಗೂ ಬಾಗಿಲಲ್ಲಿತ್ತು. ಮಳೆಗೆ ಫೋಟೊ ಮಾಸಿತು, ಅಕ್ಷರ ಮಾಸಲಿಲ್ಲ. ಬಿಸೆರಾ, ಇಪ್ಪತ್ತೊಂಬತ್ತು ವರ್ಷ. ಹೋದದ್ದು ಉಪವಾಸದ ಎರಡನೆಯ ಶುಕ್ರವಾರ, ಮಾರ್ಚ್ ಹದಿನಾಲ್ಕು.