ಭೀಮಗೊಂಡನ ಮಂಚ, ವಿಶ್ವಾಸನ ಕಾಯಿಲ್

ಅಲಖನೂರಿನ ಧರೆಪ್ಪನ ಕಬ್ಬಿಗೆ ಅಂದು ನದಿ ನೀರಿನ ಪಾಳಿ. ಆದರೆ ನೀರು ಬಿಡುವ ಕಬ್ಬಿಣದ ವಾಲ್ವೇ ಕಾಣೆ. ಅಣ್ಣತಮ್ಮಂದಿರ ವಾಟ್ನಿಯಾಗಿ ಹೊಲ ಪಾಲಾದಾಗ ಟ್ರ್ಯಾಕ್ಟರು ಅದನ್ನು ಮಣ್ಣಿನಲ್ಲಿ ಮುಚ್ಚಿಬಿಟ್ಟಿತ್ತು. ಹೊತ್ತು ಮುಳುಗುವುದರೊಳಗೆ ಸಿಗದಿದ್ದರೆ ಪಾಳಿ ಪಕ್ಕದ ಹೊಲಕ್ಕೆ, ಅಂದರೆ ಅಣ್ಣ ಭೀಮಗೊಂಡನ ಕಬ್ಬಿಗೆ.

ರಾಯಬಾಗದ ಕಾಲೇಜಿನಲ್ಲಿ ಪಾಠ ಹೇಳುವ ಅಳಿಯ ವಿಶ್ವಾಸ, ನೆಲದೊಳಗಿನ ಕಬ್ಬಿಣ ಹುಡುಕುವ ಮ್ಯಾಗ್ನೆಟೋಮೀಟರ್ ತಂದಿದ್ದ: ಸೀಮೆಎಣ್ಣೆ ತುಂಬಿದ ಎರಡು ಬಾಟಲಿ, ಎರಡಕ್ಕೂ ಸುತ್ತಿದ ತಾಮ್ರದ ತಂತಿಯ ಕಾಯಿಲ್, ಅಂಕಿ ತೋರಿಸುವ ಒಂದು ಡಬ್ಬಿ. ಹೊಲವೆಲ್ಲ ತಿರುಗಿದರೂ ಅಂಕಿ ಜಿಗಿದದ್ದು ಒಂದೇ ಕಡೆ. ಬದುವಿನ ಈಚೆ, ಧರೆಪ್ಪನ ನೆಲದಲ್ಲೇ ಭೀಮಗೊಂಡ ಕಬ್ಬಿಣದ ಮಂಚ ಹಾಕಿಕೊಂಡು ಕುಳಿತಲ್ಲಿ.

"ನನ್ನ ಮಂಚಾ ಹಿಡದೈತಿ ಅದು," ಅಂದ ಭೀಮಗೊಂಡ, ಎಲೆಗೆ ಸುಣ್ಣ ಸವರುತ್ತ. "ಕಾಯಿಲ್ ಹೆಂಗ ಜೋಡಿಸೀರಿ ಅಳಿಯಾರ?"

"ಸೀರೀಸ್ ರಿ. ಒಂದು ಸುಲ್ಟಾ, ಒಂದು ಉಲ್ಟಾ. ಕರೆಂಟಿನ ವಾಯರಿನ ಗದ್ದಲ ಕಡದ ಹೋಗ್ತೈತಿ, ಸಿಗ್ನಲ್ ಕೂಡತೈತಿ."

"ಅಲ್ಲೇ ತಪ್ಪೀರಿ! ಸೀರೀಸ್ ಅಂದ್ರ ಕೂಡಿದ ಮನಿ. ಒಂದು ಕೆಟ್ರ ಎಲ್ಲಾ ಕತ್ತಲಿ. ಪ್ಯಾರಲಲ್ ಮಾಡ್ರಿ, ವಾಟ್ನಿ ಆದಂಗ."

ಮೋಟಾರು ಕಟ್ಟುವ ಬಾಳಾಸಾಬ ಬೆಸುಗೆ ಬಿಚ್ಚಿ ಪ್ಯಾರಲಲ್ ಮಾಡಿದ. ಸಿಗ್ನಲ್ ಅರ್ಧಕ್ಕಿಳಿಯಿತು, ಅಂಕಿ ಮತ್ತೆ ಮಂಚದ ಹತ್ತಿರವೇ ಜಿಗಿಯಿತು. ನೆರೆದವರಲ್ಲಿ ಎರಡು ಪಾರ್ಟಿಗಳಾದವು. ಕೊನೆಗೆ ಹಿರಿಯರು ನ್ಯಾಯ ಕೊಟ್ಟರು: ಅರ್ಧ ಸೀರೀಸ್, ಅರ್ಧ ಪ್ಯಾರಲಲ್, ಯಾರ ಮನಸ್ಸೂ ನೋಯಬಾರದು. ಹಾಗೂ ಮಾಡಿದರು. ಅಂಕಿ ಮಂಚ ಬಿಡಲಿಲ್ಲ. ಮಂಚ ಸರಿಸಬೇಕೆಂಬುದು ಎಲ್ಲರಿಗೂ ಹೊಳೆದಿತ್ತು. ಆದರೆ ಕುಳಿತ ಹಿರಿಯನಿಗೆ ಏಳು ಎನ್ನುವ ರೂಢಿ ಆ ಮನೆತನದಲ್ಲಿಲ್ಲ.

ಹೊತ್ತು ಕೆಂಪಾಯಿತು. "ಎದ್ದೇಳ ಅನ್ರಿ," ಎಂದು ಧರೆಪ್ಪನ ಹೆಂಡತಿ ಕೆಂಚವ್ವ ಪಿಸುಗುಟ್ಟಿದಳು.

"ಅಣ್ಣಗ ಹೆಂಗ ಅನ್ನೂದು?"

ಧರೆಪ್ಪ ಆಕೆಯ ಕೈಯ ಬುಟ್ಟಿ ನೋಡಿದ. ಗಂಗಾಪೂಜೆಗೆಂದು ತಂದ ಕಾಯಿ, ಕರ್ಪೂರ ಅದರಲ್ಲಿದ್ದವು. "ಮಷಿನ್ನಿನ ಪೂಜಿ ಮರತೇವಲ್ಲ!" ಎಂದವನೇ ಕರ್ಪೂರ ಹಚ್ಚಿ, ಕಣ್ಣು ಮುಚ್ಚಿ ಮಂಗಳಾರತಿ ಎತ್ತಿಕೊಂಡ.

ಆರತಿಗೆ ಕುಳಿತೇ ಇರುವುದುಂಟೆ? ಭೀಮಗೊಂಡ ಎಲೆ ಉಗುಳಿ, ಎದ್ದು, ಬೆಳಕಿನ ಕಡೆ ಬಂದು ಕೈಮುಗಿದ. ಧರೆಪ್ಪ ಒಂದು ನುಡಿಯನ್ನೂ ಬಿಡಲಿಲ್ಲ; ಮುಗಿದ ಮೇಲೆ ಮೊದಲಿನಿಂದ ಮತ್ತೆ ಹಾಡಿದ. ಹಿಂದೆ ವಿಶ್ವಾಸ, ಬಾಳಾಸಾಬ ಸದ್ದಿಲ್ಲದೆ ಮಂಚ ಸರಿಸಿದರು. ಬರಿಯ ನೆಲದ ಮೇಲೆ ಅಂಕಿ ಇನ್ನೂ ಎತ್ತರಕ್ಕೆ ಜಿಗಿಯಿತು. ಸಲಿಕೆ ಠಣ್ ಎಂದಿತು.

ನೀರು ಕಬ್ಬಿನ ಬುಡಕ್ಕೆ ನುಗ್ಗಿತು. ಭೀಮಗೊಂಡ ಆರತಿಯ ಮೇಲೆ ಕೈಯಾಡಿಸಿ ಕಣ್ಣಿಗೊತ್ತಿಕೊಂಡ.

"ನೋಡಪಾ ತಮ್ಮಾ. ಪ್ಯಾರಲಲ್ ಸೇರಿಸಿದ ಮ್ಯಾಲೇ ಸಿಕ್ತು."

"ಹೌದ್ರಿ ಅಣ್ಣಾ," ಎಂದ ಧರೆಪ್ಪ. ಆಮೇಲೆ ಮಂಚವನ್ನು ಬದುವಿನ ಆಚೆ, ಅಣ್ಣನ ಪಾಲಿನ ನೆಲದಲ್ಲಿ ಹಾಕಿ, ಮೇಲಿನ ಧೂಳು ಒರೆಸಿಕೊಟ್ಟ.