ತುತ್ತಿಲ್ಲದ ಕೌದಿ

ನಮ್ಮ ಪಕ್ಕದ ಮನೆಯ ಬುಶ್ರಾ ಸಿಂದಗಿಯ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಾಳೆ. ಮರುದಿನ ಅವಳಿಗೆ ಪ್ರಾಕ್ಟಿಕಲ್ ಪರೀಕ್ಷೆ. ಪ್ರೋಗ್ರಾಂ ಓಡದಿದ್ದರೆ ಫೇಲು. ಅವಳ ಅಕ್ಕ ಆಯೇಶಾಳ ಕೂಸಿಗೆಂದು ಬೇವಿನ ನೆರಳಲ್ಲಿ ಕೌದಿ ಹೊಲಿಯುತ್ತಿದ್ದ ನನ್ನ ಹತ್ತಿರ ಲ್ಯಾಪ್‌ಟಾಪ್ ತಂದು ಕೂತಳು.

ಅವಳು ಬರೆದ ಪ್ರೋಗ್ರಾಮೂ ಕೌದಿಯ ಕುರಿತೇ.

"ಇದು ಕ್ಲಾಸ್, ಆಯಿ. ಕೌದಿ ಹ್ಯಾಂಗಿರಬೇಕನ್ನೂ ನಕ್ಷಾ. ಕೂಸಿಗಿ ಎಷ್ಟ್ ಗೇಣು ಅಂತ ಕೇಳಿದ್ರ ಹೇಳ್ತೈತಿ. ಹೊದಸು ಅಂದ್ರ ಕೆಂಪು ಸಾಲಿನಾಗ ಬೈತೈತಿ."

"ನಿನ್ನಂಗs ಐತಿ ಬಿಡು. ಬಾಯಿ ಜೋರು, ಕೆಲಸ ಇಲ್ಲ."

"ಹೋಗ ಆಯಿ!"

ಸೂಜಿ ಕೈಯಲ್ಲಿದ್ದಂತೆಯೇ ನನಗೆ ಜೊಂಪು ಹತ್ತಿತು. ಕನಸಿನಲ್ಲಿ ಬಿಳಿಜೋಳದ ಹೊಲ, ಸಣ್ಣ ಚಳಿ. ಆಕಾಶದ ತುಂಬ ಸುಣ್ಣದ ಗೆರೆಯಲ್ಲಿ ಬರೆದ ಕೌದಿ, ಅರಿವೆಯಿಲ್ಲ, ದಾರವಿಲ್ಲ. "ಕೂಸಿಗಿ ಎಷ್ಟ್ ಗೇಣು?" ಎಂದೆ. "ಐದು" ಎಂದಿತು, ನಮ್ಮವ್ವನ ದನಿಯಲ್ಲಿ. "ನನಗ ಹೊದಸು" ಎಂದೆ. ಗೆರೆಗಳು ಗಾಳಿಗೆ ಅಲುಗಿದವು. ಮೈಮೇಲೆ ಏನೂ ಬೀಳಲಿಲ್ಲ.

"ಯಾರಿಗಿ ಹೊದಸು ಅನ್ನಾಕತ್ತಿದ್ದಿ?" ಬುಶ್ರಾ ಎಬ್ಬಿಸಿದಳು.

ಕನಸು ಹೇಳಿದೆ. ನಕ್ಕಳು. ಆ ನಗು ಅರ್ಧಕ್ಕೇ ನಿಂತಿತು.

"ನಾನೂ ನಕ್ಷಾಕ್ಕs ಹೊದಸು ಅನ್ನಾಕತ್ತೇನಿ, ಆಯಿ! ಗೇಣು ಹೇಳೂದು ಸ್ಟ್ಯಾಟಿಕ್ ಮೆಥಡ್, ಅದಕ್ಕ ಕೌದಿ ಬೇಕಾಗಿಲ್ಲ. ಹೊದಸಾಕ ಖರೇ ಕೌದಿನ ಬೇಕು. ಆಬ್ಜೆಕ್ಟ್. ನಾ ಒಂದೂ ಮಾಡೇ ಇಲ್ಲ!"

ಟಕಟಕ ಬಡಿದಳು. ಕೆಂಪು ಸಾಲುಗಳು ಹೋದವು. ರಾತ್ರಿ ಸಾಲಿಯಲ್ಲಿ ಕಲಿತ ಅಕ್ಷರ ಕೂಡಿಸಿಕೊಂಡು ನಾನು ಪರದೆ ಓದಿದೆ: ಕೂಸು ಬೆಚ್ಚಗಿದೆ.

"ತುತ್ತು ಇಟ್ಟೀಯೇನ?" ಎಂದೆ.

ನಮ್ಮ ಕಡೆ ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ರೊಟ್ಟಿಯ ಚೂರು ಇಡುತ್ತೇವೆ. ಅದರ ಹೊಟ್ಟೆ ತುಂಬಿದ ಮೇಲೆಯೇ ಅದನ್ನು ಕೌದಿ ಎನ್ನುವುದು. ನನ್ನ ತೊಡೆಯ ಮೇಲಿದ್ದುದಕ್ಕೂ ಒಂದು ಮೂಲೆ ತೆರೆದೇ ಇತ್ತು.

"ತಡಿ," ಎಂದು ಬುಶ್ರಾ ಮತ್ತೆ ಬಡಿದಳು. "ಇನ್ನ ಇದರಾಗೂ ತುತ್ತು ಕೊಡದs ಹೊಸಾ ಕೌದಿ ಮಾಡು ಅಂದ್ರ, ಅದು ಹುಟ್ಟೂದs ಇಲ್ಲ."

ಆಮೇಲೆ ಮನೆಗೆ ಓಡಿ ರೊಟ್ಟಿಯ ಚೂರು ತಂದಳು. ಒಳಗಿಟ್ಟು ಹೊಲಿದೆ.

ಮರುದಿನ ಕಾಲೇಜಿನಿಂದ ಬಂದವಳು ನೇರ, ಬೇವಿನ ನೆರಳಲ್ಲಿ ಹೊಸ ಕೌದಿ ಹೊದ್ದು ಮಲಗಿದ್ದ ಕೂಸಿನ ಮಗ್ಗುಲಲ್ಲಿ ಉರುಳಿದಳು. "ಓಡ್ತು, ಆಯಿ," ಎಂದು ಕಣ್ಣು ಮುಚ್ಚಿ, ಕೌದಿಯ ಅಂಚನ್ನು ತನ್ನ ಮೇಲೂ ಎಳೆದುಕೊಂಡಳು. ಮೊಣಕೈಯಷ್ಟೇ ಮುಚ್ಚಿತು. ಅಷ್ಟಕ್ಕೇ ನಿದ್ದೆ ಹೋದಳು.